ಬೆಂಗಳೂರಿನಲ್ಲಿ ಸ್ವಂತ ಕಾಂಪೌಂಡಿಗೆ ಕಟ್ಟಿದ ಅಭ್ಯರ್ಥಿಯ ಫ್ಲೆಕ್ಸನ್ನು ಪಾಲಿಕೆಯವರು ತೆಗೆದದ್ದೇಕೆ?

ನೀವೇ ಒಪ್ಪಿ ಕಟ್ಟಿಸಿದ ಫ್ಲೆಕ್ಸನ್ನು ತೆರವುಗೊಳಿಸಿರುವುದಕ್ಕೆ ಬಹುಮಟ್ಟಿಗೆ ಕಾರಣ, ಮನೆ ಮಾಲೀಕರ ಒಪ್ಪಿಗೆಯೊಂದೇ ಸಾಲದು ಎಂಬುದು. ತೆರೆದ ಸ್ಥಳಗಳ ವಿರೂಪವನ್ನು ತಡೆಯುವ 1981ರ ಕರ್ನಾಟಕದ ಕಾಯ್ದೆಯ ಪ್ರಕಾರ, ರಸ್ತೆಯಲ್ಲಿ ಹೋಗುವವರಿಗೆ ಕಾಣುವ ಖಾಸಗಿ ಗೋಡೆಯ ಮೇಲೆ ಜಾಹೀರಾತು ಹಾಕುವುದಕ್ಕೂ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಬೇಕು. ಜೊತೆಗೆ, 2016ರ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸ್ ಕೂಡ ಸೇರಿದೆ. ಆದ್ದರಿಂದ ಅದೇ ಫ್ಲೆಕ್ಸನ್ನು ಮರಳಿ ಕೇಳಿ ಪ್ರಯೋಜನವಿಲ್ಲ.

ಬಟ್ಟೆಯ ಬ್ಯಾನರ್ ಆದರೂ ಅನುಮತಿಗೆ ಮುನ್ನ ಕಟ್ಟಬೇಡಿ. ಮೊದಲು ಸ್ಥಳ ಮತ್ತು ಅಳತೆಯನ್ನು ನಮೂದಿಸಿದ ಒಪ್ಪಿಗೆ ಪತ್ರವನ್ನು ಅಭ್ಯರ್ಥಿಯ ಚುನಾವಣಾ ಏಜೆಂಟರಿಗೆ ಕೊಡಿ. ಪಾಲಿಕೆಯ ಅನುಮತಿ ಪಡೆಯುವುದನ್ನೂ ಚುನಾವಣಾಧಿಕಾರಿಗೆ ಮಾಹಿತಿ ಸಲ್ಲಿಸುವುದನ್ನೂ ಅವರ ಮೂಲಕವೇ ಮಾಡಿಸುವುದು ಕ್ಷೇಮ, ಏಕೆಂದರೆ ಆ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರಬೇಕಾಗುತ್ತದೆ; ಅಭ್ಯರ್ಥಿಯ ಅಧಿಕಾರಪತ್ರವಿಲ್ಲದೆ ಅಭಿಮಾನದಿಂದ ನೀವೇ ಹಣ ಹಾಕಿದರೆ ಅದು ಬೇರೆಯದೇ ಅಪರಾಧವಾಗಬಹುದು. (ಪಕ್ಷದ ಹುಡುಗರು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ.) ಭಿತ್ತಿಪತ್ರವಾದರೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಅದರ ಮೇಲೆ ಇರಲೇಬೇಕು.

ತೆಗೆದ ಫ್ಲೆಕ್ಸಿನ ಒಂದು ತುದಿಯನ್ನು ಬೆಸ್ಕಾಂ ಕಂಬಕ್ಕೋ ಮರಕ್ಕೋ ಕಟ್ಟಿದ್ದಿರೇ ಎಂಬುದು ನಿಮ್ಮ ಪ್ರಶ್ನೆಯಿಂದ ತಿಳಿಯುವುದಿಲ್ಲ. ಹಾಗಿದ್ದರೆ ಗೋಡೆಗೆ ಸಿಕ್ಕ ಅನುಮತಿ ಅದಕ್ಕೆ ಅನ್ವಯಿಸದು. ನಗರದಲ್ಲೀಗ ಐದು ಪಾಲಿಕೆಗಳಿರುವುದರಿಂದ, ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆ ಎಂದು ಖಚಿತಪಡಿಸಿಕೊಂಡು ಅರ್ಜಿ ಕೊಡಿಸಿ, ಸ್ವೀಕೃತಿಯ ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ.