ಬಾರೆಂಟ್ಸ್ ಸಮುದ್ರದಲ್ಲಿ ಮಂಜುಗಡ್ಡೆ ಕಡಿಮೆಯಾದರೆ ಅಲ್ಲಿನ ಮೀನುಗಳಿಗೆ ಏನಾಗುತ್ತದೆ?

ಒಂದು ಮೀನಿಗೆ ಲಾಭ, ಇನ್ನೊಂದಕ್ಕೆ ನಷ್ಟ.

ನಾರ್ವೆ ಮತ್ತು ರಷ್ಯಾದ ಉತ್ತರಕ್ಕಿರುವ ಈ ಸಮುದ್ರಕ್ಕೆ ಅಟ್ಲಾಂಟಿಕ್‌ನಿಂದ ಬೆಚ್ಚಗಿನ, ಉಪ್ಪು ಜಾಸ್ತಿ ಇರುವ ನೀರು ಹರಿದು ಬರುತ್ತದೆ. ಉಪ್ಪು ನೀರು ಭಾರ ಅಲ್ವಾ, ಉತ್ತರ ಭಾಗದಲ್ಲಿ ಅದು ಕೆಳಗೇ ಉಳಿಯುತ್ತಿತ್ತು. ಮಂಜುಗಡ್ಡೆ ಕರಗಿದ ತಣ್ಣನೆಯ, ಉಪ್ಪು ಕಡಿಮೆಯ ನೀರು ಅದರ ಮೇಲೆ ಪಾತ್ರೆಯ ಮುಚ್ಚಳದ ಹಾಗೆ ಕೂತಿರುತ್ತಿತ್ತು. ಆರ್ಕ್ಟಿಕ್ ಕಡೆಯಿಂದ ತೇಲಿ ಬರುವ ಮಂಜುಗಡ್ಡೆ ಕಡಿಮೆಯಾದಂತೆ ಈ ಪದರ ತೆಳುವಾಗಿದೆ. ಕೆಳಗಿನ ಬಿಸಿ ಸುಲಭವಾಗಿ ಮೇಲೆ ಬರುತ್ತದೆ. ಚಳಿಗಾಲದಲ್ಲೂ ಹೊಸ ಮಂಜುಗಡ್ಡೆ ಸರಿಯಾಗಿ ಕಟ್ಟುವುದಿಲ್ಲ.

ನೀರು ಬೆಚ್ಚಗಾಗುತ್ತಿದೆ ಅನ್ನುವುದು ಸುಮ್ನೆ ಊಹೆಯಲ್ಲ. ರಷ್ಯಾದ ಕೋಲಾ ಪರ್ಯಾಯದ್ವೀಪದಿಂದ ಉತ್ತರಕ್ಕೆ ಒಂದೇ ಗೆರೆಯಲ್ಲಿ, ನಡುವೆ ಕೆಲವು ವರ್ಷ ತಪ್ಪಿದ್ದರೂ, 1900ರಿಂದ ನೀರಿನ ಉಷ್ಣತೆ ಅಳೆಯುತ್ತಾ ಬಂದಿದ್ದಾರೆ.

ಬೆಚ್ಚಗಾದಂತೆ ಕಾಡ್ ಮೀನು ಉತ್ತರಕ್ಕೆ ಹರಡಿತು. ಪೋಲಾರ್ ಕಾಡ್ ಬೇರೆಯೇ ಜಾತಿ, ಗಾತ್ರದಲ್ಲಿ ಚಿಕ್ಕದು. ಅದರ ಮೊಟ್ಟೆಗಳು ಮಂಜುಗಡ್ಡೆಯ ಅಡಿಯಲ್ಲಿ ತೇಲುತ್ತಾ ಬೆಳೆಯುತ್ತವೆ. ಆ ಮರೆ ಹೋಗುತ್ತಿದೆ, ಜೊತೆಗೆ ಅದನ್ನು ತಿನ್ನುವ ದೊಡ್ಡ ಕಾಡ್ ಕೂಡ ಬಂದಿದೆ.

ಹಾಗಂತ ಬಿಸಿ ಹೆಚ್ಚಿದರೆ ಕಾಡ್ ಹೆಚ್ಚುತ್ತಲೇ ಹೋಗುತ್ತದೆ ಅನ್ನುವುದು ತಪ್ಪು. 2013ರ ಸುಮಾರಿಗೆ ಅದು ತುಂಬ ಇತ್ತು, ಆಮೇಲೆ ಇಳಿದಿದೆ. ನಾರ್ವೆ ಮತ್ತು ರಷ್ಯಾ ಸೇರಿ ಪ್ರತಿವರ್ಷ ನಿಗದಿ ಮಾಡುವ ಹಿಡಿಯುವ ಮಿತಿಯನ್ನೂ ಈಚೆಗೆ ಸತತವಾಗಿ ಇಳಿಸಬೇಕಾಯಿತು.