ಥ್ರಾಟಲ್ ಏರಿಸಿದರೂ ಟ್ಯಾಕೋಮೀಟರ್ 3000 ಬಿಟ್ಟು ಕದಲುತ್ತಿಲ್ಲ: ಪ್ರತಿಕ್ರಿಯೆ

ಶೆಡ್ಡಿನೊಳಗೆ ಮಾಡೆಲ್ ವಿಮಾನದ ಎಂಜಿನಿಗೆ ಎಷ್ಟೇ ಥ್ರಾಟಲ್ ಕೊಟ್ಟರೂ ಟ್ಯಾಕೋಮೀಟರ್ (ರೆಕ್ಕೆ ದಾಟುವಾಗ ಬೆಳಕು ಮಿನುಗೋದನ್ನು ಎಣಿಸಿ ನಿಮಿಷಕ್ಕೆಷ್ಟು ಸುತ್ತು ಅಂತ ಹೇಳೋ ಮೀಟರ್) 3000 ಅಂತಲೇ ತೋರಿಸುತ್ತೆ ಅಂದಿದ್ದೀರಲ್ಲ, ಅದು ಪ್ರೊಪೆಲ್ಲರಿನ ವೇಗವೇ ಅಲ್ಲ, ಬಹುಶಃ ತಲೆ ಮೇಲಿನ ಟ್ಯೂಬ್‌ಲೈಟಿನದು. ನಮ್ಮ ಕರೆಂಟು 50 ಹರ್ಟ್ಸ್. ಹಳೇ ಚೋಕ್ ಟ್ಯೂಬು ಸೆಕೆಂಡಿಗೆ 100 ಸಲ, ಅಂದರೆ ನಿಮಿಷಕ್ಕೆ 6000 ಸಲ ಮಿನುಗುತ್ತೆ. ಮೀಟರ್ ಎರಡು ರೆಕ್ಕೆಗೆ ಸೆಟ್ ಆಗಿರೋದರಿಂದ ಎರಡು ಮಿನುಗಿಗೆ ಒಂದು ಸುತ್ತು ಅಂತ ಎಣಿಸಿ ಅದರ ಅರ್ಧ ತೋರಿಸುತ್ತೆ.

ಮೊದಲು ಎಂಜಿನ್ ನಿಲ್ಲಿಸಿ ಮೀಟರನ್ನು ನೇರ ಟ್ಯೂಬಿಗೆ ಹಿಡಿಯಿರಿ. ಆಗಲೂ 3000 ಬಂದರೆ ಅನುಮಾನವೇ ಬೇಡ, ಮೀಟರ್ ಸರಿಯಿದೆ ಅನ್ನೋದೂ ಗೊತ್ತಾಯ್ತು. ಎಲ್‌ಇಡಿ ಬಲ್ಬಾದರೆ ಹೇಳೋಕಾಗಲ್ಲ, ಕೆಲವು ಮಿನುಗುತ್ತವೆ, ಕೆಲವು ಇಲ್ಲ.

ಆಮೇಲೆ ಎಂಜಿನನ್ನು ಸ್ಟ್ಯಾಂಡ್ ಸಮೇತ ಹೊರಗೆ ತನ್ನಿ, ತುಮಕೂರಲ್ಲಿ ಬಿಸಿಲಿಗೇನು ಬರ. ಪ್ರೊಪೆಲ್ಲರಿನ ಹಿಂದೆ ನಿಂತು, ಸೆನ್ಸರ್ ಕಣ್ಣು ತಿರುಗುವ ರೆಕ್ಕೆಯ ಮೂಲಕ ಬಯಲು ಆಕಾಶ ನೋಡುವಂತೆ ಹಿಡಿಯಿರಿ. ಪಕ್ಕಕ್ಕೆ ಮಾತ್ರ ನಿಲ್ಲಬೇಡಿ. ರೆಕ್ಕೆ ತುಂಡಾದರೆ ಹಾರೋದು ಆ ಕಡೆಗೇ. ಕೊರಳಲ್ಲಿ ಐಡಿ ಕಾರ್ಡಿನ ದಾರ ಗೀರ ಇದ್ದರೆ ತೆಗೆದಿಡಿ.

ಮುಂದೆ ಮೂರು ರೆಕ್ಕೆಯದು ಹಾಕಿದರೆ ಸೆಟ್ಟಿಂಗ್ ಬದಲಿಸಿ, ಇಲ್ಲದಿದ್ದರೆ 9000 ಇರೋದು 13500 ಅಂತ ತೋರಿಸಿ ಖುಷಿಪಡಿಸುತ್ತೆ.

ಆಮೇಲೂ ನಂಬಿಕೆ ಬರದಿದ್ದರೆ ಫೋನಿನಲ್ಲಿ ಸ್ಪೆಕ್ಟ್ರಮ್ ಆ್ಯಪ್ (ಸದ್ದಿನಲ್ಲಿ ಯಾವ ಹರ್ಟ್ಸ್ ಜೋರಾಗಿದೆ ಅಂತ ಗೆರೆಯಲ್ಲಿ ತೋರಿಸೋದು) ಹಾಕಿ ಸದ್ದು ನೋಡಿ. ಟೂ-ಸ್ಟ್ರೋಕ್ ಎಂಜಿನ್ ಸುತ್ತಿಗೊಂದು ಸಲ ಫೈರ್ ಆಗುತ್ತೆ. 180 ಹರ್ಟ್ಸ್‌ನಲ್ಲಿ ಗೆರೆ ಎದ್ದರೆ 60ರಿಂದ ಗುಣಿಸಿ, 10800. ಎರಡು ರೆಕ್ಕೆಯ ಸದ್ದು 360ರಲ್ಲೂ ಏಳುತ್ತೆ, ಅದನ್ನು ಹಿಡಿದು ದುಪ್ಪಟ್ಟು ಲೆಕ್ಕ ಹಾಕಬೇಡಿ.