ಫ್ರೇಮ್‌ವರ್ಕ್ ಬದಲಿಸುವ ಮೊದಲು ಕ್ವೆರಿ ಎಣಿಸಿ

ಪ್ರಶ್ನೆ: ಪಿಎಚ್‌ಪಿ ಭಾಷೆಯ ಕಾಲ ಮುಗಿಯಿತಂತೆ. ಅದರ ಫ್ರೇಮ್‌ವರ್ಕ್ (ವೆಬ್ ಸಾಫ್ಟ್‌ವೇರ್ ಕಟ್ಟಲು ಸಿಗುವ ಸಿದ್ಧ ಚೌಕಟ್ಟು) ಲಾರವೆಲ್ ಕಲಿತರೆ ವ್ಯರ್ಥವೇ?

ಮುಗಿದಿಲ್ಲ. ವಿಕಿಪೀಡಿಯ, ವರ್ಡ್‌ಪ್ರೆಸ್ ಎರಡೂ ಪಿಎಚ್‌ಪಿಯಲ್ಲೇ ನಡೆಯುತ್ತಿವೆ. ಕಲಿಯಿರಿ.

ಪ್ರಶ್ನೆ: ನಮ್ಮದು ಆರು ಜನರ ಟೀಮು, ಎಲ್ಲರಿಗೂ ಪೈಥಾನ್ ಚೆನ್ನಾಗಿ ಬರುತ್ತದೆ. ಸಗಟು ವ್ಯಾಪಾರಿಗಳ ಆರ್ಡರ್ ಸಾಫ್ಟ್‌ವೇರನ್ನು ಪೈಥಾನ್ ಫ್ರೇಮ್‌ವರ್ಕ್ ಆದ ಜಾಂಗೋದಲ್ಲಿ ಮಾಡಿದ್ದೇವೆ. ಪುಟಗಳು ತೀರಾ ನಿಧಾನ. ವೇಗ ಅಳೆಯುವ ಬೆಂಚ್‌ಮಾರ್ಕ್‌ಗಳಲ್ಲಿ ಗೋ ಭಾಷೆಯ ಫ್ರೇಮ್‌ವರ್ಕ್‌ಗಳು ಎಷ್ಟೋ ಮುಂದಿವೆ. ಪೂರ್ತಿ ಹೊಸದಾಗಿ ಬರೆಯೋಣವೇ?

ಬೇಡ. ಈ ಪ್ರಶ್ನೆ ತಿಂಗಳಿಗೊಮ್ಮೆಯಾದರೂ ಬರುತ್ತದೆ. ಒಂದು ಪುಟ ತೆರೆದರೆ ಡೇಟಾಬೇಸಿಗೆ ಎಷ್ಟು ಕ್ವೆರಿ (ಮಾಹಿತಿ ಕೇಳುವ ಕೋರಿಕೆ) ಹೋಗುತ್ತವೆ ಎಂಬುದನ್ನು ಮಾತ್ರ ಈವರೆಗೆ ಯಾರೂ ಬರೆದು ಕಳಿಸಿಲ್ಲ. ನನಗೆ ಸಿಟ್ಟು ಬರುವುದು ಅಲ್ಲಿಯೇ. ಬೆಂಚ್‌ಮಾರ್ಕ್‌ನ ಒಂದು ಪರೀಕ್ಷೆಯಲ್ಲಿ ಸರ್ವರ್ ಮಾಡುವುದಿಷ್ಟೇ: ‘ಹಲೋ ವರ್ಲ್ಡ್’ ಎಂದು ಕಳಿಸುವುದು. ನಿಮ್ಮ ಪುಟದ ಕೆಲಸವೇ ಬೇರೆ.

ಇಂಥದೇ ಒಂದು ಟೀಮಿನ ಜೊತೆ ಒಂದು ಮಧ್ಯಾಹ್ನ ಕೂತಿದ್ದೆ. ಆರ್ಡರ್ ಪಟ್ಟಿ, 50 ಸಾಲು. ಕ್ವೆರಿ ಎಣಿಸಿ ತೋರಿಸುವ ಡಿಬಗ್ ಟೂಲ್‌ಬಾರ್ ಹಾಕಿ ನೋಡಿದರೆ ಆ ಪಟ್ಟಿಯೊಂದಕ್ಕೇ 101 ಕ್ವೆರಿ! ಪಟ್ಟಿಗೆ ಒಂದು, ಆಮೇಲೆ ಪ್ರತಿ ಸಾಲಿಗೂ ಅಂಗಡಿಯ ಹೆಸರಿಗೊಂದು, ಸಾಮಾನುಗಳಿಗೊಂದು. ಅಂಗಡಿಗೆ ‘ಸೆಲೆಕ್ಟ್ ರಿಲೇಟೆಡ್’, ಸಾಮಾನುಗಳಿಗೆ ‘ಪ್ರಿಫೆಚ್ ರಿಲೇಟೆಡ್’ ಸೇರಿಸಿದೆವು; ಎರಡೂ ಸಂಬಂಧಪಟ್ಟ ಮಾಹಿತಿಯನ್ನು ಒಟ್ಟಿಗೇ ತರಿಸುವ ಜಾಂಗೋ ಸೌಲಭ್ಯಗಳು. ಉಳಿದದ್ದು ಎರಡೇ ಕ್ವೆರಿ. ಲೂಪಿನೊಳಗೆ (ಪ್ರತಿ ಸಾಲಿಗೂ ಮತ್ತೆ ಓಡುವ ಕೋಡಿನೊಳಗೆ) ಕ್ವೆರಿ ಬರೆಯುವ ಅಭ್ಯಾಸ ಬಿಡದಿದ್ದರೆ ಗೋದಲ್ಲೂ ಅದೇ 101. ಇದಾದ ಮೇಲೂ ನಿಧಾನವಾಗಿದ್ದರೆ, ದಿನಾಂಕ ಮತ್ತು ಅಂಗಡಿಯ ಕಾಲಮ್ಮುಗಳಿಗೆ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಇದೆಯೇ ನೋಡಿ.

ಹೊಸದಾಗಿ ಬರೆಯಲು ಕೂತರೆ ಲಾಗಿನ್, ಅಡ್ಮಿನ್, ಮೈಗ್ರೇಷನ್ (ಡೇಟಾಬೇಸ್ ರಚನೆ ಬದಲಿಸುವ ವ್ಯವಸ್ಥೆ), ಸಿಎಸ್‌ಆರ್‌ಎಫ್ ರಕ್ಷಣೆ (ಬಳಕೆದಾರರ ಹೆಸರಿನಲ್ಲಿ ಬೇರೆ ಸೈಟು ನಕಲಿ ಕೋರಿಕೆ ಕಳಿಸದಂತೆ ತಡೆ), ಹೀಗೆ ಜಾಂಗೋ ಜೊತೆಗೇ ಬಂದದ್ದನ್ನೆಲ್ಲ ನೀವೇ ಬಿಡಿಬಿಡಿಯಾಗಿ ಹುಡುಕಿ ಜೋಡಿಸಬೇಕು. ಸಾಲದ ಮಿತಿ ದಾಟಿದ ಅಂಗಡಿಗೆ ಆರ್ಡರ್ ತಡೆಯುವಂಥ ಸಣ್ಣಪುಟ್ಟ ನಿಯಮಗಳು ಎಷ್ಟೋ ಸಲ ಹಳೆಯ ಕೋಡಿನಲ್ಲಿ ಮಾತ್ರ ಇರುತ್ತವೆ, ಯಾರ ನೆನಪಿನಲ್ಲೂ ಇರುವುದಿಲ್ಲ. ಮುಂದೆ ಸಾವಿರಾರು ಡೆಲಿವರಿ ಗಾಡಿಗಳ ಲೈವ್ ಲೊಕೇಶನ್ ತೋರಿಸಬೇಕಾಗಿ ಬಂದರೆ, ಆ ಒಂದು ಭಾಗವನ್ನು ಧಾರಾಳವಾಗಿ ಗೋದಲ್ಲಿ ಬರೆಯಿರಿ.

ನನ್ನ ನಿಜವಾದ ಆತಂಕ ಬೇರೆ. ನೀವು ಯಾವ ಆವೃತ್ತಿಯಲ್ಲಿದ್ದೀರಿ ಎಂದು ಬರೆದಿಲ್ಲ. ಜಾಂಗೋ 3.2ಕ್ಕೆ ಭದ್ರತಾ ತಿದ್ದುಪಡಿಗಳು 2024ರ ಏಪ್ರಿಲ್‌ಗೇ ನಿಂತವು, 5.2ಕ್ಕೆ 2028ರ ಏಪ್ರಿಲ್‌ವರೆಗೆ ಸಿಗುತ್ತವೆ. 2017ರಲ್ಲಿ ಜನರ ಸಾಲದ ಮಾಹಿತಿ ಇಡುವ ಅಮೆರಿಕದ ಕಂಪನಿ ಈಕ್ವಿಫ್ಯಾಕ್ಸ್‌ನಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಕಳುವಾಯಿತು. ಕಳ್ಳರು ಒಳನುಗ್ಗಿದ್ದು ಸ್ಟ್ರಟ್ಸ್ ಎಂಬ ಜಾವಾ ಫ್ರೇಮ್‌ವರ್ಕ್‌ನ ದೋಷದಿಂದ. ಅದರ ತಿದ್ದುಪಡಿ ಮಾರ್ಚ್‌ನಲ್ಲೇ ಬಿಡುಗಡೆಯಾಗಿತ್ತು. ಕಳವು ಶುರುವಾದದ್ದು ಮೇ ತಿಂಗಳಲ್ಲಿ. ಹೊಸ ಫ್ರೇಮ್‌ವರ್ಕಿಗೆಂದು ಎತ್ತಿಟ್ಟ ಸಮಯವನ್ನು ಅಪ್‌ಗ್ರೇಡಿಗೆ ಕೊಡಿ.

ಪ್ರಶ್ನೆ: ನಾವು ನಾಲ್ವರಿದ್ದೇವೆ. ಮೈಕ್ರೋಸರ್ವಿಸ್ (ಸಾಫ್ಟ್‌ವೇರನ್ನು ಹಲವು ಸಣ್ಣ ಬಿಡಿ ಅಪ್ಲಿಕೇಶನ್‌ಗಳಾಗಿ ಒಡೆಯುವುದು) ಮಾಡೋಣವೇ?

ಬೇಡ. ಒಂದೇ ಅಪ್ಲಿಕೇಶನ್ ಸಾಕು.

ಪ್ರಶ್ನೆ: ಇಲ್ಲಿನ ಕೋಚಿಂಗ್ ಸೆಂಟರೊಂದು 45 ದಿನದಲ್ಲಿ ಆರು ಫ್ರೇಮ್‌ವರ್ಕ್ ಕಲಿಸುತ್ತದಂತೆ. ಹೊಸ ಹುಡುಗರನ್ನು ಕಳಿಸಲೇ?

ದಯವಿಟ್ಟು ದುಡ್ಡು ಕಟ್ಟಬೇಡಿ. ಆ ಆರರ ಪಟ್ಟಿಯಲ್ಲಿ ಎಸ್‌ಕ್ಯುಎಲ್ (ಡೇಟಾಬೇಸಿಗೆ ಕ್ವೆರಿ ಬರೆಯುವ ಭಾಷೆ) ಇಲ್ಲ, ಎಚ್‌ಟಿಟಿಪಿ (ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮ) ಇಲ್ಲ. ಇದು ಮಕ್ಕಳಿಗೆ ಮಾಡುವ ಮೋಸ. ನಿಮ್ಮ ಆಫೀಸಿನಲ್ಲೇ ಹಿರಿಯ ಡೆವಲಪರ್ ಒಬ್ಬರ ಪಕ್ಕ ಕೂರಿಸಿ, ನಿಮ್ಮದೇ ಒಂದು ನಿಧಾನದ ಪುಟ ಕೊಟ್ಟು ಸರಿಮಾಡಿಸಿ.